ಝೂಮ್ ಎಷ್ಟಿದ್ದರೆ ಸಾಕು?



"ಊರಿಗೆ ಬರುವಾಗ ಏನು ತರಲಿ?" ಎಂದು ಗಲ್ಫ್‌ನಿಂದ ಫೋನ್ ಬಂದರೆ ನಮ್ಮ ಮನೆಗಳಲ್ಲಿ ಹೇಳುತ್ತಿದ್ದ ಪಟ್ಟಿಯಲ್ಲಿ ಒಂದು ಕಾಲಕ್ಕೆ ಕ್ಯಾಮರಾ ಇದ್ದೇ ಇರುತ್ತಿತ್ತು. ಮೊಬೈಲ್ ಫೋನಿನೊಳಗೇ ಕ್ಯಾಮರಾ ಬಂದ ಮೇಲೆ ಆ ಬೇಡಿಕೆ ಕುಸಿಯಿತು. 2010ರಲ್ಲಿ ಕ್ಯಾಮರಾ ಕಂಪೆನಿಗಳು ಜಗತ್ತಿನಾದ್ಯಂತ 12 ಕೋಟಿಗೂ ಹೆಚ್ಚು ಡಿಜಿಟಲ್ ಕ್ಯಾಮರಾಗಳನ್ನು ಮಾರುಕಟ್ಟೆಗೆ ಕಳುಹಿಸಿದ್ದವು. 2020ರಲ್ಲಿ ಆ ಸಂಖ್ಯೆ 1 ಕೋಟಿಗಿಂತಲೂ ಕೆಳಗಿಳಿಯಿತು. ಆದರೂ ಜೇಬಿನಲ್ಲಿ ಹಿಡಿಸುವ ಸಣ್ಣ ಕ್ಯಾಮರಾವನ್ನು ವಿಚಾರಿಸುವವರು ಈಗಲೂ ಇದ್ದಾರೆ. ಮಕ್ಕಳ ಶಾಲಾ ವಾರ್ಷಿಕೋತ್ಸವ, ಮದ್ರಸದ ಕಾರ್ಯಕ್ರಮ, ಮನೆಯ ಮದುವೆ, ಪ್ರವಾಸ - ಇಂತಹ ಸಂದರ್ಭಗಳಲ್ಲಿ ಮೊಬೈಲ್ ಫೋನ್ ಕೈಕೊಟ್ಟ ಅನುಭವ ಅವರಿಗಿರುತ್ತದೆ. ಅಂಗಡಿಗೆ ಹೋದಾಗ ಅವರು ಕೇಳುವ ಮೊದಲ ಪ್ರಶ್ನೆ ಒಂದೇ: "ಇದರಲ್ಲಿ ಝೂಮ್ ಎಷ್ಟಿದೆ?"

ಆ ಪ್ರಶ್ನೆಗೆ ಸಿಗುವ ಉತ್ತರ ಒಂದು ಅಂಕಿ. ನಾಲ್ಕು ಪಟ್ಟು, ಮೂವತ್ತು ಪಟ್ಟು, ನಲವತ್ತು ಪಟ್ಟು. ಹೆಚ್ಚಿನ ಅಂಕಿಯೇ ಹೆಚ್ಚಿನ ಲಾಭ ಎಂದು ತಿಳಿದು ನಾವು ಹಣ ಕೊಡುತ್ತೇವೆ. ಮನೆಗೆ ಬಂದ ಮೇಲೆ ಸಂಜೆಯ ಹೊತ್ತಿನ ನಿಕಾಹ್‌ನ ಫೋಟೋಗಳೆಲ್ಲ ಮಸುಕಾಗಿ, ಚುಕ್ಕೆಚುಕ್ಕೆಯಾಗಿ ಬಂದಾಗ "ಕ್ಯಾಮರಾ ಸರಿಯಿಲ್ಲ" ಎನ್ನುತ್ತೇವೆ. ಕ್ಯಾಮರಾ ಸರಿಯಾಗಿಯೇ ಇರುತ್ತದೆ, ಅದನ್ನು ಆರಿಸಿದ ಲೆಕ್ಕ ತಪ್ಪಿರುತ್ತದೆ. ಈ ತಿಂಗಳು ಒಂದೇ ಕಂಪೆನಿಯ ಎರಡು ಸಣ್ಣ ಕ್ಯಾಮರಾಗಳ ಝೂಮ್ ಲೆನ್ಸ್‌ಗಳನ್ನು ಪಕ್ಕಪಕ್ಕ ಇಟ್ಟು ಆ ಲೆಕ್ಕವನ್ನು ಬಿಡಿಸಿ ನೋಡೋಣ.

ಎರಡು ಕ್ಯಾಮರಾಗಳು

ಮೊದಲನೆಯದು ಕ್ಯಾನನ್ ಪವರ್‌ಶಾಟ್ ಎಸ್‌ಎಕ್ಸ್ 740 ಎಚ್‌ಎಸ್. 2018ರಲ್ಲಿ ಬಂದದ್ದು. ಝೂಮ್ 40 ಪಟ್ಟು. ತೂಕ ಸುಮಾರು 300 ಗ್ರಾಂ.

ಎರಡನೆಯದು ಕ್ಯಾನನ್ ಪವರ್‌ಶಾಟ್ ಜಿ7 ಎಕ್ಸ್ ಮಾರ್ಕ್ 2. 2016ರಲ್ಲಿ ಬಂದದ್ದು. ಝೂಮ್ ಕೇವಲ 4.2 ಪಟ್ಟು. ತೂಕ ಸುಮಾರು 320 ಗ್ರಾಂ.

ಎರಡೂ 20 ಮೆಗಾಪಿಕ್ಸೆಲ್‌ನವು. ಎರಡಕ್ಕೂ ಹಾಕುವುದು ಒಂದೇ ಬಗೆಯ ಬ್ಯಾಟರಿ. ಎರಡರಲ್ಲೂ ಕಣ್ಣಿಟ್ಟು ನೋಡುವ ಕಿಂಡಿಯಿಲ್ಲ, ಹಿಂದಿನ ಪರದೆಯನ್ನೇ ನೋಡಬೇಕು. ಎರಡರಲ್ಲೂ ಆ ಪರದೆಯನ್ನು ಮೇಲಕ್ಕೆ ಎತ್ತಿ ತಿರುಗಿಸಬಹುದು. ಅಂಗಡಿಯ ಗಾಜಿನ ಹಿಂದೆ ನೋಡಿದರೆ ಅಣ್ಣ ತಮ್ಮಂದಿರ ಹಾಗೆ ಕಾಣುತ್ತವೆ. 40 ಪಟ್ಟು ಝೂಮ್‌ನದ್ದನ್ನು ಬಿಟ್ಟು 4.2 ಪಟ್ಟಿನದ್ದನ್ನು ಯಾರಾದರೂ ಏಕೆ ಕೊಳ್ಳಬೇಕು ಎಂದು ನಿಮಗೆ ಅನ್ನಿಸಬಹುದು. ಉತ್ತರ ಲೆನ್ಸಿನ ಒಳಗಿದೆ.

'ಪಟ್ಟು' ಎಂದರೇನು?

ಝೂಮ್ ಲೆನ್ಸ್‌ಗೆ ಎರಡು ತುದಿಗಳಿರುತ್ತವೆ. ಒಂದು ತುದಿಯಲ್ಲಿ ಅಗಲವಾದ ದೃಶ್ಯ ಹಿಡಿಸುತ್ತದೆ, ಇನ್ನೊಂದು ತುದಿಯಲ್ಲಿ ದೂರದ್ದು ಹತ್ತಿರ ಬರುತ್ತದೆ. ಕ್ಯಾಮರಾಗಳನ್ನು ಹೋಲಿಸಲು ಅನುಕೂಲವಾಗಲೆಂದು ಈ ತುದಿಗಳನ್ನು ಹಳೆಯ 35 ಮಿ.ಮೀ. ಫಿಲ್ಮಿನ ಲೆಕ್ಕದಲ್ಲಿ ಹೇಳುತ್ತಾರೆ. ಎಸ್‌ಎಕ್ಸ್ 740ರ ಲೆನ್ಸ್ ಈ ಲೆಕ್ಕದಲ್ಲಿ 24ರಿಂದ 960 ಮಿ.ಮೀ. ಜಿ7 ಎಕ್ಸ್‌ನದು 24ರಿಂದ 100 ಮಿ.ಮೀ. ದೊಡ್ಡ ಅಂಕಿಯನ್ನು ಸಣ್ಣ ಅಂಕಿಯಿಂದ ಭಾಗಿಸಿ. 960ನ್ನು 24ರಿಂದ ಭಾಗಿಸಿದರೆ 40. ಪೆಟ್ಟಿಗೆಯ ಮೇಲಿರುವ 'ಪಟ್ಟು' ಇಷ್ಟೇ.

ಅಂದರೆ ಪಟ್ಟು ಎಂಬುದು ಎರಡು ತುದಿಗಳ ನಡುವಿನ ಅನುಪಾತ. ಕ್ಯಾಮರಾ ಎಷ್ಟು ದೂರ ನೋಡುತ್ತದೆ ಎಂಬುದನ್ನು ಅದೊಂದೇ ಹೇಳಲಾರದು. ಈ ಶತಮಾನದ ಮೊದಲ ವರ್ಷಗಳಲ್ಲಿ ಬಂದ ಅನೇಕ ಸಣ್ಣ ಕ್ಯಾಮರಾಗಳ ಝೂಮ್ 3 ಪಟ್ಟು ಇರುತ್ತಿತ್ತು, 35ರಿಂದ 105 ಮಿ.ಮೀ. ಅದನ್ನು ಜಿ7 ಎಕ್ಸ್‌ನ 4.2 ಪಟ್ಟಿನ ಪಕ್ಕ ಇಟ್ಟು ನೋಡಿ. ಪಟ್ಟು ಕಡಿಮೆಯಿದ್ದರೂ ದೂರದ ತುದಿಯಲ್ಲಿ ಹಳೆಯದೇ ಕೂದಲೆಳೆಯಷ್ಟು ಮುಂದಿದೆ. ಜಿ7 ಎಕ್ಸ್‌ನ ಹೆಚ್ಚಿನ ಪಟ್ಟು ಬಂದದ್ದು ಅಗಲದ ತುದಿಯಿಂದ. ಆದ್ದರಿಂದ ಅಂಗಡಿಯವನ ಹತ್ತಿರ "ಎಷ್ಟು ಪಟ್ಟು?" ಎನ್ನುವ ಬದಲು "ಎಷ್ಟರಿಂದ ಎಷ್ಟು ಮಿಲಿಮೀಟರ್?" ಎಂದು ಕೇಳಿ.

ಈ ಮಿಲಿಮೀಟರ್‌ಗಳನ್ನು ನಿಮ್ಮ ಮನೆಯ ಅಳತೆಗೆ ತರುವುದು ಸುಲಭ. 24ರ ತುದಿಯಲ್ಲಿ 3 ಮೀಟರ್ ದೂರ ನಿಂತರೆ ಸುಮಾರು ನಾಲ್ಕೂವರೆ ಮೀಟರ್ ಅಗಲದಷ್ಟು ಜಾಗ ಫೋಟೋದಲ್ಲಿ ಹಿಡಿಸುತ್ತದೆ. ಅಂದರೆ ಒಂದು ಸಾಧಾರಣ ಹಾಲ್‌ನಲ್ಲಿ ಇಡೀ ಕುಟುಂಬ. 100ರಲ್ಲಿ 15 ಮೀಟರ್ ದೂರದಿಂದ ತೆಗೆದರೆ ಐದೂವರೆ ಮೀಟರ್ ಅಗಲ, ಅಂದರೆ ಸಣ್ಣ ವೇದಿಕೆಯೊಂದು ಪೂರ್ತಿಯಾಗಿ. 960ರಲ್ಲಿ 100 ಮೀಟರ್ ದೂರದಿಂದ ತೆಗೆದರೂ ಕಾಣುವುದು ಸುಮಾರು ಮೂರೂವರೆ ಮೀಟರ್ ಅಗಲ ಮಾತ್ರ. ಮೈದಾನದ ಆ ಬದಿಯಲ್ಲಿ ಓಡುತ್ತಿರುವ ಒಂದಿಬ್ಬರು ಮಕ್ಕಳು. ಅಷ್ಟೇ ದೂರದಿಂದ ಜಿ7 ಎಕ್ಸ್ 36 ಮೀಟರ್ ಅಗಲವನ್ನು ತೋರಿಸುತ್ತದೆ, ಅದರಲ್ಲಿ ನಿಮ್ಮ ಮಗು ಯಾವುದೆಂದು ಹುಡುಕಬೇಕು.

ಇಷ್ಟನ್ನೇ ನೋಡಿದರೆ ಎಸ್‌ಎಕ್ಸ್ 740 ಗೆದ್ದ ಹಾಗೆಯೇ. ಆದರೆ ಅಷ್ಟು ದೂರದ ಲೆನ್ಸ್ ಜೇಬಿನೊಳಗೆ ಹೇಗೆ ಹಿಡಿಸಿತು?

ಬೆಳಕಿನ ಲೆಕ್ಕ

ಲೆನ್ಸಿನ ಹಿಂದೆ ಬೆಳಕನ್ನು ಹಿಡಿಯುವ ಒಂದು ಚಿಪ್ಪು ಇರುತ್ತದೆ. ಅದಕ್ಕೆ ಸೆನ್ಸರ್ ಎನ್ನುತ್ತಾರೆ. ಎಸ್‌ಎಕ್ಸ್ 740ರ ಸೆನ್ಸರ್ ಸುಮಾರು 6.2 ಮಿ.ಮೀ. ಉದ್ದ, 4.6 ಮಿ.ಮೀ. ಅಗಲ. ಕಿರುಬೆರಳಿನ ಉಗುರಿಗಿಂತಲೂ ಚಿಕ್ಕದು. ಜಿ7 ಎಕ್ಸ್‌ನದು 13.2 ಮಿ.ಮೀ. ಉದ್ದ, 8.8 ಮಿ.ಮೀ. ಅಗಲ. ವಿಸ್ತೀರ್ಣದಲ್ಲಿ ಎರಡನೆಯದು ನಾಲ್ಕು ಪಟ್ಟು ದೊಡ್ಡದು. ಸೆನ್ಸರ್ ಚಿಕ್ಕದಾದಷ್ಟೂ ಅದೇ ದೃಶ್ಯವನ್ನು ಹಿಡಿಯಲು ಚಿಕ್ಕ ಲೆನ್ಸ್ ಸಾಕು. ಎಸ್‌ಎಕ್ಸ್ 740ರಲ್ಲಿ '960' ಎನ್ನುವ ಲೆನ್ಸಿನ ನಿಜವಾದ ನಾಭಿದೂರ 172 ಮಿ.ಮೀ. ಮಾತ್ರ. ಅದೇ 960ನ್ನು ಜಿ7 ಎಕ್ಸ್‌ನ ದೊಡ್ಡ ಸೆನ್ಸರ್‌ಗೆ ಕೊಡಬೇಕಾದರೆ 350 ಮಿ.ಮೀ.ಗೂ ಹೆಚ್ಚಿನ ನಾಭಿದೂರ ಬೇಕಾಗುತ್ತಿತ್ತು. ಅದು ಜೇಬಿನಲ್ಲಿ ಹಿಡಿಸುವುದಿಲ್ಲ, ಹೆಗಲ ಚೀಲವೇ ಬೇಕು.

ಎರಡನೆಯ ಸಂಗತಿ ಲೆನ್ಸಿನ ದ್ವಾರ. ಲೆನ್ಸಿನ ಮೇಲೆ ಎಫ್ ಎಂಬ ಅಕ್ಷರದೊಂದಿಗೆ ಒಂದು ಅಂಕಿ ಇರುತ್ತದೆ. ಈ ಅಂಕಿ ಚಿಕ್ಕದಾದಷ್ಟೂ ಒಳಗೆ ಬರುವ ಬೆಳಕು ಹೆಚ್ಚು. ಜಿ7 ಎಕ್ಸ್‌ನಲ್ಲಿ ಅಗಲದ ತುದಿಯಲ್ಲಿ ಎಫ್ 1.8, ದೂರದ ತುದಿಯಲ್ಲಿ ಎಫ್ 2.8. ಎಸ್‌ಎಕ್ಸ್ 740ರಲ್ಲಿ ಅಗಲದ ತುದಿಯಲ್ಲಿ ಎಫ್ 3.3, ದೂರದ ತುದಿಯಲ್ಲಿ ಎಫ್ 6.9. ಬೆಳಕಿನ ಲೆಕ್ಕ ಈ ಅಂಕಿಗಳ ವರ್ಗದಂತೆ ನಡೆಯುತ್ತದೆ. ಅಗಲದ ತುದಿಯಲ್ಲಿ ಜಿ7 ಎಕ್ಸ್‌ನ ಸೆನ್ಸರ್‌ನ ಪ್ರತಿ ಚದರ ಮಿಲಿಮೀಟರ್‌ಗೂ ಮೂರು ಪಟ್ಟಿಗಿಂತ ಹೆಚ್ಚು ಬೆಳಕು ಬೀಳುತ್ತದೆ. ಸೆನ್ಸರ್ ನಾಲ್ಕು ಪಟ್ಟು ದೊಡ್ಡದು ಎಂಬುದನ್ನೂ ಸೇರಿಸಿದರೆ ಒಟ್ಟು ಬೆಳಕು ಹದಿಮೂರು ಪಟ್ಟಿಗೂ ಹೆಚ್ಚು. ಪೆಟ್ಟಿಗೆಯ ಮೇಲೆ ಯಾರೂ ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕದ 'ಪಟ್ಟು' ಇದು.

ದ್ವಾರದ ಗಾತ್ರಕ್ಕೂ ಚಿತ್ರಕ್ಕೂ ಇರುವ ಸಂಬಂಧವನ್ನು ಸಾವಿರ ವರ್ಷಗಳ ಹಿಂದೆಯೇ ಪರೀಕ್ಷಿಸಿ ನೋಡಿದವರು ಬಸ್ರಾದಲ್ಲಿ ಹುಟ್ಟಿ ಕೈರೋದಲ್ಲಿ ಬಾಳಿದ ಇಬ್ನುಲ್ ಹೈಸಮ್ (ಸುಮಾರು 965-1040). ವಸ್ತುವಿನಿಂದ ಹೊರಟ ಬೆಳಕು ಕಣ್ಣಿಗೆ ಬಂದು ಸೇರಿದಾಗ ನಮಗೆ ಕಾಣುತ್ತದೆ ಎಂದು ಅವರು ತಮ್ಮ ಏಳು ಭಾಗಗಳ 'ಕಿತಾಬುಲ್ ಮನಾಝಿರ್'ನಲ್ಲಿ ಪ್ರಯೋಗಗಳ ಸಹಿತ ವಿವರಿಸಿದರು. ಗ್ರಹಣದ ಸೂರ್ಯನ ಬೆಳಕನ್ನು ಕಿಂಡಿಯ ಮೂಲಕ ಕತ್ತಲೆಯ ಜಾಗಕ್ಕೆ ಬಿಟ್ಟಾಗ, ಕಿಂಡಿ ಕಿರಿದಾಗಿದ್ದರೆ ಮಾತ್ರ ಬಾಲಚಂದ್ರಾಕಾರದ ಬಿಂಬ ಸ್ಪಷ್ಟವಾಗಿ ಮೂಡುತ್ತದೆ ಎಂದು ಇನ್ನೊಂದು ಕೃತಿಯಲ್ಲಿ ತೋರಿಸಿಕೊಟ್ಟರು. 'ಕ್ಯಾಮರಾ' ಎಂಬ ಶಬ್ದವೇ ಅರಬಿಯಿಂದ ಬಂತೆಂದು ಕೆಲವರು ಹೇಳುವುದುಂಟು. ಅದು ಸರಿಯಲ್ಲ, ಕೋಣೆ ಎಂಬ ಅರ್ಥದ ಲ್ಯಾಟಿನ್ ಶಬ್ದವದು. ಇಬ್ನುಲ್ ಹೈಸಮ್‌ರ ಹಿರಿಮೆಗೆ ಆ ಶಬ್ದದ ಆಸರೆ ಬೇಕಾಗಿಯೂ ಇಲ್ಲ.

ಲೆನ್ಸ್ ಬಂದ ಮೇಲೆ ದ್ವಾರವನ್ನು ದೊಡ್ಡದು ಮಾಡಿದರೂ ಬಿಂಬ ಕೆಡುವುದಿಲ್ಲ. ಬದಲಾಗಿ ದ್ವಾರ ತೀರಾ ಕಿರಿದಾದರೆ ಬೇರೊಂದು ತೊಂದರೆ ಶುರುವಾಗುತ್ತದೆ. ಕಿರಿದಾದ ದ್ವಾರದ ಮೂಲಕ ಹಾಯುವ ಬೆಳಕು ತುಸು ಹರಡಿಕೊಳ್ಳುತ್ತದೆ. ಎಫ್ 6.9ರಲ್ಲಿ ಒಂದು ಬೆಳಕಿನ ಬಿಂದು ಸೆನ್ಸರ್ ಮೇಲೆ ಸುಮಾರು 9 ಮೈಕ್ರಾನ್ ಅಗಲಕ್ಕೆ ಹರಡುತ್ತದೆ. ಒಂದು ಮೈಕ್ರಾನ್ ಎಂದರೆ ಮಿಲಿಮೀಟರ್‌ನ ಸಾವಿರದ ಒಂದು ಭಾಗ. ಎಸ್‌ಎಕ್ಸ್ 740ರ ಒಂದು ಪಿಕ್ಸೆಲ್‌ನ ಅಗಲ ಸುಮಾರು 1.2 ಮೈಕ್ರಾನ್. ಅಂದರೆ ಪೂರ್ತಿ ಝೂಮ್ ಎಳೆದಾಗ ಒಂದು ಬಿಂದುವಿನ ಬೆಳಕು ಏಳೆಂಟು ಪಿಕ್ಸೆಲ್‌ಗಳ ಮೇಲೆ ಚೆಲ್ಲುತ್ತದೆ. 20 ಮೆಗಾಪಿಕ್ಸೆಲ್ ಎಂಬ ಅಂಕಿ ಆಗ ಕಾಗದದ ಮೇಲಿನ ಅಂಕಿ ಮಾತ್ರ. ಸಣ್ಣ ಪ್ರಿಂಟ್‌ಗೆ, ಮೊಬೈಲ್ ಪರದೆಗೆ ಆ ಫೋಟೋ ಚೆನ್ನಾಗಿಯೇ ಕಾಣುತ್ತದೆ. ಗೋಡೆಗೆ ಹಾಕುವ ದೊಡ್ಡ ಚಿತ್ರಕ್ಕೆ ಸಾಲದು.

ಸಭಾಂಗಣದ ಹಿಂದಿನ ಸಾಲಿನಲ್ಲಿ

ಈಗ ನಮ್ಮ ನಿತ್ಯದ ಒಂದು ಸಂದರ್ಭಕ್ಕೆ ಬನ್ನಿ. ಮದ್ರಸದ ವಾರ್ಷಿಕ ಕಾರ್ಯಕ್ರಮ. ರಾತ್ರಿ ಎಂಟು ಗಂಟೆ. ವೇದಿಕೆಯ ಮೇಲೆ ಟ್ಯೂಬ್‌ಲೈಟ್‌ಗಳು. ನಿಮ್ಮ ಮಗಳು ಕಿರಾಅತ್ ಓದಲು ಎದ್ದು ನಿಲ್ಲುತ್ತಾಳೆ. ನೀವು ಮಹಿಳೆಯರ ಸಾಲಿನಲ್ಲಿ, 15 ಮೀಟರ್ ಹಿಂದೆ ಕುಳಿತಿದ್ದೀರಿ. ಆ ಫೋಟೋ ಅದೇ ರಾತ್ರಿ ದಮ್ಮಾಮಿನಲ್ಲಿರುವ ಅವಳ ಉಪ್ಪನಿಗೆ ಹೋಗಬೇಕು. ಅವರು ಅವಳ ಕಾರ್ಯಕ್ರಮ ನೋಡದೆ ಎಷ್ಟು ವರ್ಷಗಳಾದವೋ! ಎರಡು ನಿಮಿಷದಲ್ಲಿ ಅವಳು ಕೆಳಗಿಳಿದು ಬಿಡುತ್ತಾಳೆ. ಮತ್ತೊಮ್ಮೆ ಓದು ಎನ್ನುವಂತಿಲ್ಲ.

ಜಿ7 ಎಕ್ಸ್ ಅನ್ನು 100ರ ತುದಿಗೆ ಎಳೆದು ಎಫ್ 2.8ರಲ್ಲಿ ತೆಗೆದರೆ, ಐಎಸ್‌ಒ 1600 ಇಟ್ಟು ಸೆಕೆಂಡಿನ 125ನೇ ಒಂದು ಭಾಗದಲ್ಲಿ ಸರಿಯಾದ ಬೆಳಕು ಸಿಗುತ್ತದೆ ಎಂದಿಟ್ಟುಕೊಳ್ಳಿ. (ಐಎಸ್‌ಒ ಎಂದರೆ ಸೆನ್ಸರ್‌ನ ಸಂವೇದನೆಯನ್ನು ಏರಿಸುವ ಅಂಕಿ. ಏರಿಸಿದಷ್ಟೂ ಚಿತ್ರದಲ್ಲಿ ಚುಕ್ಕೆಗಳು ಹೆಚ್ಚುತ್ತವೆ.) ಅದೇ ಬೆಳಕಿನಲ್ಲಿ ಎಸ್‌ಎಕ್ಸ್ 740 ಅನ್ನು ಪೂರ್ತಿ ಎಳೆದರೆ ಎಫ್ 6.9ಕ್ಕೆ ಆರು ಪಟ್ಟು ಹೆಚ್ಚು ಬೆಳಕು ಬೇಕು. ಆ ಕ್ಯಾಮರಾದ ಐಎಸ್‌ಒ 3200ಕ್ಕೆ ನಿಂತು ಬಿಡುತ್ತದೆ. ಉಳಿದ ಮೂರು ಪಟ್ಟನ್ನು ಸಮಯದಿಂದ ತುಂಬಬೇಕು. ಅಂದರೆ ಸೆಕೆಂಡಿನ 40ನೇ ಒಂದು ಭಾಗ. ಅಷ್ಟರಲ್ಲಿ ಮಗು ತಲೆ ಅಲ್ಲಾಡಿಸಿದರೆ ಮುಖ ಮಸುಕು. ಕೈ ನಡುಕವನ್ನು ಕಡಿಮೆ ಮಾಡುವ ವ್ಯವಸ್ಥೆ ಎರಡೂ ಕ್ಯಾಮರಾಗಳಲ್ಲಿದೆ ನಿಜ. ಅದು ನಿಮ್ಮ ಕೈಯನ್ನು ಸಂಭಾಳಿಸುತ್ತದೆ, ಮಗುವಿನ ತಲೆಯನ್ನು ಅದು ಹಿಡಿದು ನಿಲ್ಲಿಸಲಾರದು.

"ಪೂರ್ತಿ ಎಳೆಯುವುದೇಕೆ, ಅರ್ಧ ಎಳೆದರೆ ಸಾಲದೇ?" ಎಂದು ನೀವು ಕೇಳಬಹುದು. ಸರಿಯಾದ ಪ್ರಶ್ನೆ. ನಡುವಿನ ಝೂಮ್‌ನಲ್ಲಿ ನಷ್ಟ ಇಷ್ಟು ತೀವ್ರವಿಲ್ಲ. ಎಸ್‌ಎಕ್ಸ್ 740 ಕೈಯಲ್ಲಿರುವವರು ರಾತ್ರಿ ಕಾರ್ಯಕ್ರಮಗಳಲ್ಲಿ ಬೇಕಾದಷ್ಟೇ ಎಳೆದು, ಮಗು ಒಂದು ಕ್ಷಣ ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗ ಒಂದರ ಹಿಂದೆ ಒಂದು ನಾಲ್ಕೈದು ಫೋಟೋ ತೆಗೆಯಲಿ. ಒಂದಾದರೂ ಚೆನ್ನಾಗಿ ಬಂದೀತು. ಇನ್ನೂ ಒಂದು ಮಾತು: ದೂರದ ಫೋಟೋಗೆ ಫ್ಲ್ಯಾಶ್ ಹಾಕಬೇಡಿ. ಸಣ್ಣ ಕ್ಯಾಮರಾದ ಫ್ಲ್ಯಾಶ್ ಕೆಲವೇ ಮೀಟರ್ ತಲುಪುತ್ತದೆ. ಅದು ಬೆಳಗುವುದು ಮುಂದಿನ ಸಾಲಿನವರ ತಲೆಗಳನ್ನು. ವೇದಿಕೆ ಇನ್ನಷ್ಟು ಕಪ್ಪಾಗುತ್ತದೆ, ಕುಳಿತವರಿಗೆ ಕಿರಿಕಿರಿಯೂ ಆಗುತ್ತದೆ.

ಇದಕ್ಕಿಂತ ಸುಲಭದ ದಾರಿ, ಮುಂಚಿತವಾಗಿ ಉಸ್ತಾದರ ಅಥವಾ ಶಿಕ್ಷಕಿಯರ ಹತ್ತಿರ ಹೇಳಿ ಮುಂದಿನ ಸಾಲಿನಲ್ಲಿ ಐದು ನಿಮಿಷ ಜಾಗ ಕೇಳುವುದು. ಹತ್ತು ಹೆಜ್ಜೆ ಮುಂದೆ ಹೋಗಿ ತೆಗೆದ ಫೋಟೋಗೆ ಯಾವ ಝೂಮ್ ಕೂಡ ಸಮವಲ್ಲ. ಅದಕ್ಕೆ ಹಣವನ್ನೂ ಕೊಡಬೇಕಾಗಿಲ್ಲ.

ಬಯಲಿನಲ್ಲಿ, ಆಕಾಶದಲ್ಲಿ

ಎಸ್‌ಎಕ್ಸ್ 740ಕ್ಕೆ ಅನ್ಯಾಯ ಮಾಡಬಾರದು. ಬಿಸಿಲಿದ್ದರೆ ಅದರ ಆಟವೇ ಬೇರೆ. ಹಗಲಿನ ಕ್ರೀಡಾಕೂಟ, ಗದ್ದೆಯ ಬದುವಿನಲ್ಲಿ ನಿಂತ ಕೊಕ್ಕರೆ, ತೆಂಗಿನ ತುದಿಯಲ್ಲಿ ಕುಳಿತ ಗಿಡುಗ, ಸಮುದ್ರದಲ್ಲಿ ದೂರ ಹೋಗುತ್ತಿರುವ ದೋಣಿ, ಜೋಗದ ಎದುರಿನ ದಂಡೆಯಿಂದ ಕಾಣುವ ನೀರಿನ ಎಳೆಗಳು - ಇವಕ್ಕೆಲ್ಲ 4.2 ಪಟ್ಟಿನ ಕ್ಯಾಮರಾ ಏನನ್ನೂ ಮಾಡಲಾರದು. ಪಕ್ಷಿಗಳಲ್ಲಿ ಆಸಕ್ತಿಯಿರುವ ಮಕ್ಕಳು ಮನೆಯಲ್ಲಿದ್ದರೆ ಇದು ಅವರಿಗೆ ಒಳ್ಳೆಯ ಗುರು.

ಚಂದ್ರನನ್ನು ನೋಡಿ. ಆಕಾಶದಲ್ಲಿ ಚಂದ್ರ ಸುಮಾರು ಅರ್ಧ ಡಿಗ್ರಿಯಷ್ಟು ಅಗಲ. 960ರಲ್ಲಿ ತೆಗೆದರೆ ಅದು ಚಿತ್ರದ ಎತ್ತರದ ಮೂರನೇ ಒಂದು ಭಾಗವನ್ನು ತುಂಬುತ್ತದೆ, ಕುಳಿಗಳೂ ಕಲೆಗಳೂ ಕಾಣುತ್ತವೆ. 100ರಲ್ಲಿ ತೆಗೆದರೆ ಎತ್ತರದ ಇಪ್ಪತ್ತಾರನೇ ಒಂದು ಭಾಗ, ಒಂದು ಬಿಳಿ ಬೊಟ್ಟು ಅಷ್ಟೇ. ಹುಣ್ಣಿಮೆಯ ಚಂದ್ರನ ಮೇಲೆ ಬಿಸಿಲೇ ಬಿದ್ದಿರುವುದರಿಂದ ಬೆಳಕಿಗೆ ಕೊರತೆಯಿಲ್ಲ. ಐಎಸ್‌ಒ 100, ಸೆಕೆಂಡಿನ 250ನೇ ಒಂದು ಭಾಗ ಇಟ್ಟು ನೋಡಿ. ರಮಝಾನ್‌ನ ಅಥವಾ ಈದ್‌ನ ಎಳೆಯ ಚಂದ್ರ ಹಾಗಲ್ಲ. ಅದು ಬಹಳ ಮಂದ, ಸಂಜೆಯ ಕೆಂಪಿನಲ್ಲಿ ಕರಗಿರುತ್ತದೆ. ಅದಕ್ಕೆ ಸ್ಟ್ಯಾಂಡ್ ಬೇಕು, ತಾಳ್ಮೆ ಬೇಕು. ಸ್ಟ್ಯಾಂಡ್ ಇಲ್ಲದಿದ್ದರೆ ಅಕ್ಕಿ ತುಂಬಿದ ಸಣ್ಣ ಬಟ್ಟೆಯ ಚೀಲವನ್ನು ಟೆರೇಸಿನ ಕಟ್ಟೆಯ ಮೇಲಿಟ್ಟು, ಅದರ ಮೇಲೆ ಕ್ಯಾಮರಾ ಕೂರಿಸಿ, ಎರಡು ಸೆಕೆಂಡಿನ ಟೈಮರ್ ಹಾಕಿ ಕೈ ತೆಗೆಯಿರಿ. ಚಂದ್ರ ಸಿಕ್ಕಿದ ಖುಷಿಯಲ್ಲಿ ಫೋಟೋವನ್ನು ನಾಲ್ಕು ಗುಂಪುಗಳಿಗೆ ಕಳುಹಿಸಿ ಊರಿನಲ್ಲಿ ಗೊಂದಲ ಎಬ್ಬಿಸಬೇಡಿ. ಖಾಝಿಗಳಿಗೆ ಅಥವಾ ಹಿಲಾಲ್ ಸಮಿತಿಗೆ ತಿಳಿಸಿ, ತೀರ್ಮಾನವನ್ನು ಅವರಿಗೆ ಬಿಡಿ.

ದೂರದ ಝೂಮ್‌ಗೆ ಇನ್ನೊಂದು ಶತ್ರು ಬಿಸಿಗಾಳಿ. ಮಧ್ಯಾಹ್ನ ರಸ್ತೆಯ ಮೇಲೆ ಗಾಳಿ ನಡುಗುವುದನ್ನು ನೋಡಿದ್ದೀರಲ್ಲವೇ? 960ರಲ್ಲಿ ಆ ನಡುಕವೂ ದೊಡ್ಡದಾಗಿ ಕಾಣುತ್ತದೆ. ಎಷ್ಟು ಒಳ್ಳೆಯ ಲೆನ್ಸ್ ಇದ್ದರೂ ಚಿತ್ರ ನೀರಿನೊಳಗೆ ಅದ್ದಿದಂತಿರುತ್ತದೆ. ದೂರದ ಫೋಟೋಗೆ ಬೆಳಗಿನ ಹೊತ್ತೇ ಮೇಲು.

ಮನೆಯೊಳಗೆ

ನಮ್ಮ ಬದುಕಿನ ಹೆಚ್ಚಿನ ಫೋಟೋಗಳು ಹುಟ್ಟುವುದು ನಾಲ್ಕು ಗೋಡೆಗಳ ನಡುವೆ. ಈದ್‌ನ ಬೆಳಿಗ್ಗೆ ಹೊಸ ಬಟ್ಟೆ ತೊಟ್ಟ ಮಕ್ಕಳು, ಅಡುಗೆ ಮನೆಯಲ್ಲಿ ತುಪ್ಪದ ಅನ್ನದ ಪಾತ್ರೆಯ ಮುಂದೆ ಬೆವರು ಒರೆಸಿಕೊಳ್ಳುತ್ತಿರುವ ಉಮ್ಮ, ತಸ್ಬೀಹ್ ಹಿಡಿದು ಕಿಟಕಿಯ ಬಳಿ ಕುಳಿತ ಅಜ್ಜಿ. ಇಲ್ಲೆಲ್ಲ ದೂರ ಎಂದರೆ ನಾಲ್ಕೈದು ಮೀಟರ್. ಇಲ್ಲಿ 960 ಮಿ.ಮೀ. ನಿರುದ್ಯೋಗಿ. ಇಲ್ಲಿ ಬೇಕಾದದ್ದು ಬೆಳಕು, ಅದು ಜಿ7 ಎಕ್ಸ್‌ನ ಬಲ.

ಮುಖದ ಫೋಟೋ ತೆಗೆಯುವಾಗ ಒಂದು ವಿಷಯ ನೆನಪಿಡಿ. ಎರಡೂ ಕ್ಯಾಮರಾಗಳು ಶುರುವಾಗುವುದು 24ರಲ್ಲಿ. ಅದೇ ತುದಿಯಲ್ಲಿ ಮುಖದ ಹತ್ತಿರ ಹೋಗಿ ತೆಗೆದರೆ ಮೂಗು ದೊಡ್ಡದಾಗಿ, ಕಿವಿ ಹಿಂದೆ ಸರಿದು ಕಾಣುತ್ತದೆ. ತೀರಾ ಹತ್ತಿರ ನಿಂತದ್ದೇ ಇದಕ್ಕೆ ಕಾರಣ. ಎರಡು ಹೆಜ್ಜೆ ಹಿಂದೆ ಸರಿದು 70ರಿಂದ 100ರ ನಡುವೆ ಎಳೆದು ತೆಗೆಯಿರಿ. ಮುಖ ಇದ್ದ ಹಾಗೆಯೇ ಬರುತ್ತದೆ. ಜಿ7 ಎಕ್ಸ್‌ನಲ್ಲಾದರೆ ಹಿಂದಿನ ಗೋಡೆಯ ಗಡಿಬಿಡಿಯೂ ತುಸು ಮಸುಕಾಗಿ ಮುಖ ಎದ್ದು ಕಾಣುತ್ತದೆ. ಗುಂಪು ಫೋಟೋದಲ್ಲೂ ಅಷ್ಟೇ. 24ರಲ್ಲಿ ಅಂಚಿನಲ್ಲಿ ನಿಂತವರು ಅಗಲಕ್ಕೆ ಹಿಗ್ಗುತ್ತಾರೆ. ಜಾಗವಿದ್ದರೆ ಹಿಂದೆ ಸರಿದು 35ಕ್ಕೆ ಎಳೆಯಿರಿ. ಅಂಚಿನಲ್ಲಿ ನಿಂತ ಚಿಕ್ಕಮ್ಮನ ಬೇಸರವೂ ತಪ್ಪುತ್ತದೆ.

ಮದುಮಗಳ ಮೆಹಂದಿಯ ಕೈಯನ್ನು ಜಿ7 ಎಕ್ಸ್‌ನಲ್ಲಿ 100ಕ್ಕೆ ಎಳೆದು 40 ಸೆಂ.ಮೀ. ದೂರದಿಂದ ತೆಗೆಯಬಹುದು. ಚಿತ್ರದ ತುಂಬ ಅಂಗೈ ಬರುತ್ತದೆ. ಎಸ್‌ಎಕ್ಸ್ 740 ಅಗಲದ ತುದಿಯಲ್ಲಿ ಒಂದು ಸೆಂಟಿಮೀಟರ್‌ನಷ್ಟು ಹತ್ತಿರದ ವಸ್ತುವನ್ನೂ ಸ್ಪಷ್ಟವಾಗಿ ತೋರಿಸುತ್ತದೆ, ಆದರೆ ಅಷ್ಟು ಹತ್ತಿರ ಹೋದಾಗ ಕ್ಯಾಮರಾದ ನೆರಳೇ ಕೈಮೇಲೆ ಬೀಳುತ್ತದೆ.

ಪ್ರಿಂಟ್ ಹಾಕಿಸುವವರಿಗೂ ಒಂದು ಸೂಚನೆ. ಸ್ಟುಡಿಯೋದಲ್ಲಿ ಸಿಗುವ 6 ಇಂಚು - 4 ಇಂಚಿನ ಪ್ರಿಂಟ್‌ನ ಆಕಾರ ಜಿ7 ಎಕ್ಸ್‌ನ ಚಿತ್ರಕ್ಕೆ ಸರಿಯಾಗಿ ಹೊಂದುತ್ತದೆ. ಎಸ್‌ಎಕ್ಸ್ 740ರ ಚಿತ್ರ ಅದಕ್ಕಿಂತ ಎತ್ತರ. ಪ್ರಿಂಟ್ ಹಾಕುವಾಗ ಮೇಲೂ ಕೆಳಗೂ ಕತ್ತರಿ ಬೀಳುತ್ತದೆ. ಆದ್ದರಿಂದ ಅದರಲ್ಲಿ ಗುಂಪು ಫೋಟೋ ತೆಗೆಯುವಾಗ ತಲೆಯ ಮೇಲೆ ಒಂದಿಷ್ಟು ಖಾಲಿ ಜಾಗ ಬಿಡಿ.

ಡಿಜಿಟಲ್ ಝೂಮ್ ಎಂಬ ಕತ್ತರಿ

ಜಾಹೀರಾತುಗಳಲ್ಲಿ 'ಡಿಜಿಟಲ್ ಝೂಮ್' ಎಂದು ಇನ್ನೂ ದೊಡ್ಡ ಅಂಕಿ ಕಾಣುತ್ತದೆ. ಲೆನ್ಸಿಗೂ ಅದಕ್ಕೂ ಸಂಬಂಧವಿಲ್ಲ. ತೆಗೆದ ಚಿತ್ರದ ನಡುಭಾಗವನ್ನು ಕತ್ತರಿಸಿ ಹಿಗ್ಗಿಸುವುದು, ಅಷ್ಟೇ. 20 ಮೆಗಾಪಿಕ್ಸೆಲ್‌ನ ಚಿತ್ರವನ್ನು ಹೀಗೆ ಎರಡು ಪಟ್ಟು ಮಾಡಿದರೆ ಉಳಿಯುವುದು 5 ಮೆಗಾಪಿಕ್ಸೆಲ್, ನಾಲ್ಕು ಪಟ್ಟು ಮಾಡಿದರೆ ಒಂದೂಕಾಲು. ಈ ಕತ್ತರಿ ಕೆಲಸವನ್ನು ಮನೆಯಲ್ಲಿ ನೀವೇ ನಿಧಾನವಾಗಿ ಮಾಡಬಹುದು. ಕ್ಯಾಮರಾದಲ್ಲಿ ಅದನ್ನು ಆಫ್ ಮಾಡಿ ಬಿಡಿ.

ಆದರೆ ಇದೇ ಕತ್ತರಿ ಜಿ7 ಎಕ್ಸ್‌ಗೆ ಒಂದು ಉಪಕಾರ ಮಾಡುತ್ತದೆ. ಅದರ ಚಿತ್ರ 5472 ಪಿಕ್ಸೆಲ್ ಉದ್ದ, 3648 ಪಿಕ್ಸೆಲ್ ಎತ್ತರ. ನಡುವಿನ ಮೂರನೇ ಒಂದು ಭಾಗದಷ್ಟು ಉದ್ದವನ್ನು ಉಳಿಸಿಕೊಂಡರೆ 1824ಕ್ಕೆ 1216 ಪಿಕ್ಸೆಲ್. 6 ಇಂಚು - 4 ಇಂಚಿನ ಒಳ್ಳೆಯ ಪ್ರಿಂಟ್‌ಗೆ ಇಂಚಿಗೆ 300ರಂತೆ ಬೇಕಾಗುವುದು 1800ಕ್ಕೆ 1200. ಅಂದರೆ ಆಲ್ಬಮ್‌ನಲ್ಲಿಡುವ ಫೋಟೋಗೆ ಜಿ7 ಎಕ್ಸ್ 300 ಮಿ.ಮೀ.ವರೆಗೂ ಹೇಗೋ ನಿಭಾಯಿಸುತ್ತದೆ. 15 ಮೀಟರ್ ದೂರದ ಮಗಳು ಅಲ್ಲಿ ಸೊಂಟದಿಂದ ಮೇಲೆ ಚೆನ್ನಾಗಿಯೇ ಸಿಗುತ್ತಾಳೆ. ಹಕ್ಕಿ, ಚಂದ್ರ, ಮೈದಾನದ ಆಚೆ ಬದಿ ಮಾತ್ರ ಆಗಲೂ ಅದರ ಕೈಗೆ ಎಟಕುವುದಿಲ್ಲ.

ಹಳೆಯದನ್ನು ಕೊಳ್ಳುವವರಿಗೆ

ಇವೆರಡೂ ಕೆಲವು ವರ್ಷ ಹಿಂದಿನ ಕ್ಯಾಮರಾಗಳಾದ್ದರಿಂದ ಬಳಸಿದ್ದು ಕೈಗೆ ಬರುವ ಸಾಧ್ಯತೆ ಹೆಚ್ಚು. ಬೆಲೆ ಕೇಳುವ ಮೊದಲು ಹೀಗೆ ಮಾಡಿ. ಝೂಮ್ ಅನ್ನು ತುದಿಯಿಂದ ತುದಿಗೆ ನಾಲ್ಕೈದು ಸಲ ಓಡಿಸಿ. ಸದ್ದು ಒಂದೇ ಸಮನಾಗಿರಬೇಕು, ತಡವರಿಸಬಾರದು. ಬೆಳ್ಳಗಿನ ಗೋಡೆ ಅಥವಾ ಮೋಡದ ಆಕಾಶವನ್ನು ದೂರದ ತುದಿಯಲ್ಲಿ ತೆಗೆದು ಪರದೆಯಲ್ಲಿ ಹಿಗ್ಗಿಸಿ ನೋಡಿ. ಬೂದು ಕಲೆ ಕಂಡರೆ ಒಳಗೆ ಧೂಳು ಹೊಕ್ಕಿದೆ ಎಂದರ್ಥ. ಝೂಮ್ ಆಗುವಾಗ ಉದ್ದಕ್ಕೆ ಚಾಚುವ ಲೆನ್ಸ್ ಗಾಳಿಯನ್ನೂ ಧೂಳನ್ನೂ ಎಳೆದುಕೊಳ್ಳುತ್ತದೆ. ಸಮುದ್ರದ ದಂಡೆಯ ಒಂದು ಮರಳಿನ ಕಾಳು ಸಿಕ್ಕಿಹಾಕಿಕೊಂಡರೆ ಲೆನ್ಸ್ ಚಾಚಿದ ಹಾಗೆಯೇ ನಿಂತು ಬಿಡಬಹುದು. ಉದ್ದ ಝೂಮ್‌ನಲ್ಲಿ ಚಲಿಸುವ ಭಾಗಗಳು ಹೆಚ್ಚು ಚಾಚಬೇಕಾದ್ದರಿಂದ ಈ ಜಾಗ್ರತೆ ಇನ್ನಷ್ಟು ಬೇಕು.

ನಮ್ಮ ಕರಾವಳಿ, ಮಲೆನಾಡಿನ ಮಳೆಗಾಲ ಲೆನ್ಸ್‌ಗೆ ಬೂಷ್ಟು ತರಿಸುತ್ತದೆ. ಟಾರ್ಚನ್ನು ಓರೆಯಾಗಿ ಹಿಡಿದು ಲೆನ್ಸಿನೊಳಗೆ ನೋಡಿ. ಜೇಡರ ಬಲೆಯಂಥ ಎಳೆಗಳು ಕಂಡರೆ ಬೇಡವೇ ಬೇಡ. ಮನೆಗೆ ತಂದ ಮೇಲೆ ಬಟ್ಟೆಯ ಕಪಾಟಿನಲ್ಲಿ ಇಡಬೇಡಿ. ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡಿ. ಲೆನ್ಸನ್ನು ದುಪಟ್ಟಾದ ತುದಿಯಿಂದ ಒರೆಸುವ ಅಭ್ಯಾಸವನ್ನೂ ಬಿಡಿ. ಬಟ್ಟೆಯಲ್ಲಿರುವ ಧೂಳು ಗಾಜನ್ನು ಗೀರುತ್ತದೆ.

ಲೆನ್ಸಿಗೂ ಒಂದು ಅದಬ್ ಇದೆ

ಮನುಷ್ಯರ ಫೋಟೋದ ಕುರಿತು ಉಲಮಾಗಳಲ್ಲಿ ಭಿನ್ನಾಭಿಪ್ರಾಯಗಳಿವೆ. ಆ ಚರ್ಚೆ ಈ ಅಂಕಣದ್ದಲ್ಲ. ಆದರೆ ದೂರದ ಝೂಮ್ ಕೈಗೆ ಬಂದಾಗ ಯಾರಿಗೂ ಭಿನ್ನಾಭಿಪ್ರಾಯವಿಲ್ಲದ ಒಂದು ಹೊಣೆಯೂ ಜೊತೆಗೆ ಬರುತ್ತದೆ. ಹತ್ತಿರ ನಿಂತು ಫೋಟೋ ತೆಗೆದರೆ ಎದುರಿನವರಿಗೆ ಗೊತ್ತಾಗುತ್ತದೆ, ಬೇಡವೆನಿಸಿದರೆ ಮುಖ ತಿರುಗಿಸಬಹುದು. 100 ಮೀಟರ್ ದೂರದಿಂದ ತೆಗೆದರೆ ಅವರಿಗೆ ತಿಳಿಯುವುದೇ ಇಲ್ಲ. ದೃಷ್ಟಿಯನ್ನು ತಗ್ಗಿಸಬೇಕೆಂಬ ಕುರ್‌ಆನ್‌ನ ಆದೇಶ, ಪರರ ಗುಟ್ಟನ್ನು ಕೆದಕಬಾರದೆಂಬ ಅಲ್‌ಹುಜುರಾತ್ ಅಧ್ಯಾಯದ ಎಚ್ಚರಿಕೆ ಕಣ್ಣಿಗೆ ಹೇಗೋ ಕಣ್ಣಿನ ಮುಂದಿಟ್ಟ ಗಾಜಿಗೂ ಹಾಗೆಯೇ. ಮದುವೆ ಮನೆಯಲ್ಲಿ ಮಹಿಳೆಯರ ಕಡೆಗೆ ಲೆನ್ಸ್ ಎಳೆಯುವ ಹುಡುಗನಿಗೆ ಇದನ್ನು ತಾಯಿಯೇ ಮೊದಲು ಹೇಳಿಕೊಡಬೇಕು. ಪಕ್ಕದ ಮನೆಯ ಅಂಗಳ, ಟೆರೇಸು, ಕಿಟಕಿ ನಮ್ಮ ಝೂಮ್‌ನ ಜಾಗವಲ್ಲ. ನಮ್ಮ ಮಹಿಳೆಯರ ಕಾರ್ಯಕ್ರಮದಲ್ಲಿ ತೆಗೆದ ಫೋಟೋವನ್ನು ಅದರಲ್ಲಿರುವ ಪ್ರತಿಯೊಬ್ಬರನ್ನೂ ಕೇಳದೆ ಯಾರಿಗೂ ಕಳುಹಿಸಬೇಡಿ. ಉಮ್ರಾಕ್ಕೆ, ಹಜ್ಜ್‌ಗೆ ಕ್ಯಾಮರಾ ಒಯ್ಯುವವರು ಅಲ್ಲಿ ಆಗ ಜಾರಿಯಲ್ಲಿರುವ ನಿಯಮವನ್ನು ಮೊದಲೇ ವಿಚಾರಿಸಲಿ. ಕಣ್ಣೀರಿಟ್ಟು ದುಆ ಮಾಡುತ್ತಿರುವ ಅಪರಿಚಿತರ ಮುಖವನ್ನು ದೂರದಿಂದ ಎಳೆದು ತರುವುದು ಯಾವ ನಿಯಮವಿಲ್ಲದಿದ್ದರೂ ಸರಿಯಲ್ಲ.

ಹಾಗಾದರೆ ಯಾವುದು?

ಕೊಳ್ಳುವ ಮೊದಲು ಒಂದು ಸಣ್ಣ ಪರೀಕ್ಷೆ ಮಾಡಿ. ನಿಮ್ಮ ಮೊಬೈಲ್‌ನಲ್ಲಿರುವ ಕೊನೆಯ ನೂರು ಫೋಟೋಗಳನ್ನು ತೆರೆಯಿರಿ. ಮನೆಯೊಳಗೆ ಅಥವಾ ಸಂಜೆ ಬೆಳಕಿನಲ್ಲಿ ತೆಗೆದವು ಎಷ್ಟು, ಹಗಲಿನಲ್ಲಿ ದೂರದ್ದನ್ನು ತೆಗೆಯಲು ಹೋಗಿ ಸೋತವು ಎಷ್ಟು ಎಂದು ಎಣಿಸಿ ಕಾಗದದಲ್ಲಿ ಬರೆಯಿರಿ. ಮೊದಲನೆಯದು ಹೆಚ್ಚಿದ್ದರೆ ಜಿ7 ಎಕ್ಸ್‌ನಂತಹ, ಝೂಮ್ ಕಡಿಮೆಯಿದ್ದು ಬೆಳಕು ಹೆಚ್ಚು ಹಿಡಿಯುವ ಕ್ಯಾಮರಾ. ಎರಡನೆಯದು ಹೆಚ್ಚಿದ್ದರೆ ಎಸ್‌ಎಕ್ಸ್ 740ರಂತಹ ದೂರದ ಕ್ಯಾಮರಾ. ಬೇರೆ ಕಂಪೆನಿಯದ್ದಾದರೂ ಇದೇ ಮೂರು ಅಂಕಿಗಳನ್ನು ಕೇಳಿ: ಎಷ್ಟರಿಂದ ಎಷ್ಟು ಮಿಲಿಮೀಟರ್, ದೂರದ ತುದಿಯಲ್ಲಿ ಎಫ್ ಎಷ್ಟು, ಸೆನ್ಸರ್‌ನ ಅಳತೆ ಎಷ್ಟು. ಈ ಮೂರು ಗೊತ್ತಾದರೆ ಪೆಟ್ಟಿಗೆಯ ಮೇಲಿನ ದೊಡ್ಡ ಅಕ್ಷರಗಳು ನಿಮ್ಮನ್ನು ಮರುಳು ಮಾಡಲಾರವು.

ಎರಡೂ ಬಗೆಯ ಫೋಟೋ ಕಡಿಮೆಯಿದ್ದು, ಇದ್ದವೂ ಚೆನ್ನಾಗಿಯೇ ಬಂದಿದ್ದರೆ ಏನನ್ನೂ ಕೊಳ್ಳಬೇಡಿ. ಮರಳುಗಾಡಿನ ಬಿಸಿಲಿನಲ್ಲಿ ದುಡಿದು ಬಂದ ಹಣ ಅದು. ವರ್ಷಕ್ಕೆ ಎರಡು ಸಲ ಕಪಾಟಿನಿಂದ ಹೊರಬರುವ ವಸ್ತುವಿಗೆ ಅದನ್ನು ಸುರಿಯುವುದು ದುಂದುವೆಚ್ಚವೇ. ಒಂದು ದಿನದ ಅಗತ್ಯವಿದ್ದರೆ ಇದ್ದವರ ಹತ್ತಿರ ಕೇಳಿ ಪಡೆದು, ಇದ್ದ ಹಾಗೆಯೇ ಹಿಂದಿರುಗಿಸಿ.

ಮತ್ತು ಕೈಯಲ್ಲಿ ಯಾವ ಕ್ಯಾಮರಾ ಇದ್ದರೂ ಇವತ್ತು ಒಂದು ಕೆಲಸ ಮಾಡಿ. ಮನೆಯ ಹಿರಿಯರು ಒಪ್ಪಿದರೆ ಅವರನ್ನು ಬೆಳಿಗ್ಗೆ ಕಿಟಕಿಯ ಬೆಳಕಿನಲ್ಲಿ ಕೂರಿಸಿ, ಎರಡು ಹೆಜ್ಜೆ ಹಿಂದೆ ನಿಂತು ಒಂದು ಫೋಟೋ ತೆಗೆಯಿರಿ. ಎಷ್ಟೋ ಮನೆಗಳಲ್ಲಿ ಅಜ್ಜಿಯದ್ದೆಂದು ಇರುವುದು ಗುರುತಿನ ಚೀಟಿಯ ಚಿತ್ರ ಒಂದೇ. ಊರಿಗೆ ಬರಲು ರಜೆ ಸಿಗದ ಮಗನಿಗೆ ಅದಕ್ಕಿಂತ ಒಳ್ಳೆಯದೊಂದನ್ನು ಕಳುಹಿಸಲು ಝೂಮ್ ಬೇಕಾಗಿಲ್ಲ.